ಹೊರಟವರನ್ನು ಕೇಳಿದ ಪ್ರಶ್ನೆ

ಪ್ರತಿ ವರ್ಷ ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆ ಕೂತಾಗ ಒಂದು ಪ್ರಶ್ನೆ ನನ್ನ ಮುಂದೆ ಬಂದೇ ಬರುತ್ತದೆ. 'ಸಮಾಜಶಾಸ್ತ್ರ ಮತ್ತು ಸಾಂಸ್ಕೃತಿಕ ಮಾನವಶಾಸ್ತ್ರಗಳ ಸಂಶೋಧನಾ ವಿಧಾನಗಳನ್ನು ಹೋಲಿಸಿರಿ.' ಹತ್ತು ಅಂಕ. ಮಕ್ಕಳು ಪುಟದ ನಡುವೆ ಸ್ಕೇಲ್ ಇಟ್ಟು ಉದ್ದಕ್ಕೆ ಗೆರೆ ಎಳೆಯುತ್ತಾರೆ. ಎಡಕ್ಕೆ ಪ್ರಶ್ನಾವಳಿ, ಬಲಕ್ಕೆ ಸಹಭಾಗಿ ಅವಲೋಕನ. ಎಡಕ್ಕೆ ನೂರಾರು ಜನ, ಬಲಕ್ಕೆ ಬೆರಳೆಣಿಕೆಯ ಜನ. ಕೊನೆಗೆ 'ಹೀಗೆ ಎರಡೂ ವಿಧಾನಗಳು ಒಂದಕ್ಕೊಂದು ಪೂರಕವಾಗಿವೆ' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಹಾಕುತ್ತಾರೆ. ನಾನು ಎಂಟು ಅಂಕ ಕೊಡುತ್ತೇನೆ. ಆ ಸಾಲನ್ನು ಬರೆಸಿದವಳು ನಾನೇ, ಕುಂದಾಪುರದ ಕಾಲೇಜೊಂದರಲ್ಲಿ, ಫ್ಯಾನಿನ ಸದ್ದಿನ ಮೇಲೆ ಗಂಟಲು ಹರಿದುಕೊಂಡು.

ಪೂರಕವಂತೆ! ನಾನು ಎರಡೂ ಕಡೆಯವರ ಕೆಲಸ ಹತ್ತಿರದಿಂದ ಕಂಡವಳು. ಒಂದು ಕಡೆಯವರ ಸಂಬಳ ತಿಂದವಳು, ಇನ್ನೊಂದು ಕಡೆಯವಳ ಪುಸ್ತಕದ ಕೃತಜ್ಞತೆಯ ಪುಟದಲ್ಲಿ 'ನನ್ನ ತಂಗಿ' ಎಂದು ಕರೆಸಿಕೊಂಡವಳು. ಇಬ್ಬರೂ ಒಂದೇ ಚಳಿಗಾಲದಲ್ಲಿ, ಒಂದೇ ಹೆಂಗಸಿನ ಬಳಿಗೆ ಬಂದಿದ್ದರು. ಆ ಹೆಂಗಸು ನನ್ನ ದೊಡ್ಡಮ್ಮ.

ನನ್ನ ಅಬ್ಬಿಯ, ಅಂದರೆ ಅಮ್ಮನ, ಅಕ್ಕ ಅವಳು. ಗಂಗೊಳ್ಳಿ ಬಂದರಿನ ಹತ್ತಿರದ ಕೇರಿಯಲ್ಲಿ ಮನೆ. ಮದುವೆಯಾಗಿ ಬಂದ ವರ್ಷದಿಂದ ಅವಳು ಮೀನು ಮಾರಿದ್ದು ವಂಡ್ಸೆ ಬದಿಯಲ್ಲಿ. ಬೆಳಗ್ಗೆ ಬಂದರಿನಲ್ಲಿ ಮೀನು ಕೊಂಡು ಮೊದಲ ಬಸ್ಸು ಹತ್ತಬೇಕು. ಹೆಮ್ಮಾಡಿ ದಾಟಿ ವಂಡ್ಸೆಯಲ್ಲಿ ಇಳಿದರೆ ಅಲ್ಲಿಂದ ಮುಂದೆ ನಡಿಗೆ. ಗದ್ದೆಯಂಚು, ಹಳ್ಳ ದಾಟುವ ಸಂಕ, ಒಂದೊಂದು ಗುಡ್ಡೆಗೆ ಒಂದೊಂದು ಮನೆ. ಅವು ಅವಳ ಮನೆಗಳು. ಬೇರೆ ಯಾವ ಹೆಂಗಸೂ ಆ ಅಂಗಳಕ್ಕೆ ಬುಟ್ಟಿ ಇಳಿಸುವ ಹಾಗಿರಲಿಲ್ಲ, ಇವಳೂ ಇನ್ನೊಬ್ಬಳ ಮನೆಗೆ ಹೋಗುವ ಹಾಗಿರಲಿಲ್ಲ. ಯಾರ ಮನೆಯ ಸೊಸೆಗೆ ಯಾವ ಮೀನು ಆಗದು, ಯಾರ ಮನೆಯಲ್ಲಿ ಸೋಮವಾರ ಒಲೆಗೆ ಮೀನು ಇಡುವುದಿಲ್ಲ, ಯಾವ ಅಜ್ಜಿಗೆ ಮುಳ್ಳು ಕಡಿಮೆಯಿರುವ ಮೀನೇ ಆಗಬೇಕು, ಎಲ್ಲ ಅವಳ ತಲೆಯಲ್ಲಿ. ಮಧ್ಯಾಹ್ನ ಬುಟ್ಟಿ ಖಾಲಿಯಾಗಿ ಬರುತ್ತಿರಲಿಲ್ಲ. ಆ ಮನೆಯವರು ಕೊಟ್ಟ ಮುಳ್ಳುಸೌತೆ, ಹಲಸಿನ ತೊಳೆ, ಬಸಳೆ ದಂಟು ಅದರಲ್ಲಿರುತ್ತಿತ್ತು. ನಾನು ಚಿಕ್ಕವಳಿದ್ದಾಗ ತಿಂದ ಹಲಸಿನ ಹಣ್ಣಿಗೆಲ್ಲ ಒಂಚೂರು ಬಂಗುಡೆಯ ವಾಸನೆ ಇತ್ತು. ಹಲಸು ಇರುವುದೇ ಹಾಗೆ ಎಂದುಕೊಂಡಿದ್ದೆ.

ಕೊರೊನಾ ಮುಗಿದು ಬಸ್ಸುಗಳು ಮತ್ತೆ ಓಡತೊಡಗಿದಾಗ ಆ ಮೊದಲ ಬಸ್ಸಿಗೆ ಹೊಸ ಸೀಟು, ಹೊಸ ಪರದೆ, ಹೊಸ ಕಂಡಕ್ಟರ್ ಬಂದಿದ್ದರು. ಅದೇ ಬಸ್ಸಿನಲ್ಲಿ ಕೊಲ್ಲೂರಿಗೆ ಹೋಗುವವರು ಮಿಂದು ಮಡಿಯುಟ್ಟು ಹೂವಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದು ಕೂತಿರುತ್ತಿದ್ದರು. ಮೀನಿನ ನೀರು ಸೀಟಿನಡಿ ಹರಿದರೆ ಅವರು ಮೂಗು ಮುಚ್ಚಿಕೊಂಡು ಕಂಡಕ್ಟರನ ಮುಖ ನೋಡುವರು. ಒಂದು ದಿನ ಅವನು ಬಾಗಿಲಲ್ಲಿ ಕಾಲು ಅಡ್ಡ ಇಟ್ಟು ಹೇಳಿದ, "ಬುಟ್ಟಿ ಹತ್ತುಕಿಲ್ಲೆ ಅಕ್ಕಾ, ನೀವ್ ಬೇಕಾರೆ ಬನ್ನಿ." ಬುಟ್ಟಿ ಬಿಟ್ಟು ಇವರು ವಂಡ್ಸೆಗೆ ಹೋಗಿ ಮಾಡುವುದೇನು? ಅಲ್ಲಿಂದ ಹೆಂಗಸರು ಆರೇಳು ಜನ ಸೇರಿ ಆಟೋ ಮಾಡಿಕೊಂಡು ಹೋಗತೊಡಗಿದರು. ಬುಟ್ಟಿಗಳ ಮೇಲೆ ಕಾಲಿಟ್ಟು, ಕಾಲಿನ ಮೇಲೆ ಬುಟ್ಟಿ ಇಟ್ಟು. ಒಬ್ಬಳು ಬರದಿದ್ದರೆ ಬಾಡಿಗೆ ಹೊಂದದೆ ಅವತ್ತು ಆಟೋ ಹೊರಡುತ್ತಿರಲಿಲ್ಲ. ತಮಗೊಂದು ಟೆಂಪೋ ಬೇಕು, ಬೆಳಗ್ಗೆ ವಂಡ್ಸೆ ಬದಿಗೆ ಬಿಟ್ಟು ಮಧ್ಯಾಹ್ನ ಕರೆತರಬೇಕು ಎಂದು ಎಲ್ಲರೂ ಹೆಬ್ಬೆಟ್ಟೊತ್ತಿ, ಸಹಿ ಹಾಕಿ ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟರು. ಆ ಅರ್ಜಿ ಬರೆದುಕೊಟ್ಟವಳು ನಾನೇ. ಅಕ್ಷರ ಚೆಂದ ಇದೆ ಎಂದು ಹೊಗಳಿಸಿಕೊಂಡೆ.

ಅರ್ಜಿಗೆ ಟೆಂಪೋ ಬರಲಿಲ್ಲ, ಸಮೀಕ್ಷೆ ಬಂತು. ಯಾವುದೋ ಯೋಜನೆಯಲ್ಲಿ ಮೀನುಗಾರ ಮಹಿಳೆಯರಿಗೆ ಒಂದಿಷ್ಟು ಅನುಕೂಲ ಮಾಡಿಕೊಡುವುದಿತ್ತಂತೆ, ಯಾವ ಅನುಕೂಲ ಬೇಕು ಎಂಬುದನ್ನು ವೈಜ್ಞಾನಿಕವಾಗಿ ತಿಳಿಯಬೇಕಿತ್ತಂತೆ. ಅರ್ಜಿಯಲ್ಲಿ ಬರೆದದ್ದು ಸಾಲದು, ಅದು ಬರೀ ಬೇಡಿಕೆ. ದೂರದ ಊರಿನ ಒಂದು ಸಂಸ್ಥೆಗೆ ಕೆಲಸ ವಹಿಸಿದರು. ಆಗಷ್ಟೇ ಸಮಾಜಶಾಸ್ತ್ರದಲ್ಲಿ ಎಂಎ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಮಾಹಿತಿ ಸಂಗ್ರಹಕ್ಕೆ ಸೇರಿಸಿಕೊಂಡರು.

ತರಬೇತಿ ಬ್ರಹ್ಮಾವರದ ಒಂದು ಸಭಾಭವನದಲ್ಲಿ. ಉಪ್ಪಿಟ್ಟು, ಅವಲಕ್ಕಿ, ಟೀ. ಯೋಜನೆಯ ಮುಖ್ಯಸ್ಥರು ಸಮಾಜಶಾಸ್ತ್ರದ ಪ್ರೊಫೆಸರು, ಮೆದು ಮಾತಿನ ಮನುಷ್ಯ, ಇಸ್ತ್ರಿ ಮುರಿಯದ ಖಾದಿ ಅಂಗಿ. ಅವರು ಮೂರು ದಿನ ಹೇಳಿದ್ದರ ಸಾರ ಇಷ್ಟು: ಎದುರಿನವರು ಏನು ಹೇಳುತ್ತಾರೋ ಅದನ್ನೇ ಒತ್ತಬೇಕು. ನಿಮಗೆ ಗೊತ್ತಿರುವುದನ್ನು ಸೇರಿಸಬಾರದು. ಪ್ರಶ್ನೆಯ ಒಂದು ಪದವನ್ನೂ ಬದಲಿಸಬಾರದು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಧಾಟಿ. ಹಾಗಾದಾಗ ಮಾತ್ರ ಒಬ್ಬರ ಉತ್ತರವನ್ನು ಇನ್ನೊಬ್ಬರ ಉತ್ತರದ ಪಕ್ಕ ಇಡಬಹುದು. ಕೊನೆಯ ದಿನ ನಮ್ಮನ್ನು ಪರೀಕ್ಷಿಸಿದರು. ನಾನೊಬ್ಬಳೇ ಒಂದೂ ಪದ ತಪ್ಪದೆ ಕೇಳಿದವಳು. "ನೋಡಿ, ಸ್ಥಳೀಯರಾಗಿಯೂ ಎಷ್ಟು ವಸ್ತುನಿಷ್ಠವಾಗಿದ್ದಾರೆ," ಎಂದರು. ನನ್ನನ್ನು ಗಂಗೊಳ್ಳಿ ತಂಡದ ನಾಯಕಿ ಮಾಡಿದರು. ನಾನು ಉಬ್ಬಿಹೋದೆ.

ಹೆಂಗಸರನ್ನು ಎಲ್ಲಿ ಹಿಡಿಯುವುದು ಎಂಬ ಮಾತು ಬಂತು. ಮನೆಮನೆಗೆ ಹೋದರೆ ಸಿಗುವುದಿಲ್ಲ, ಮಧ್ಯಾಹ್ನ ಸುಸ್ತಾಗಿ ಮಲಗಿರುತ್ತಾರೆ. ಬೆಳಗ್ಗೆ ಬಂದರಿನ ಗೇಟಿನಲ್ಲಿ ನಿಂತರೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ಬುಟ್ಟಿ ಹೊತ್ತು ಹೊರಬರುವಾಗ ನಾಲ್ಕು ಪ್ರಶ್ನೆ ಕೇಳಿಬಿಡಬಹುದು. ಪ್ರೊಫೆಸರಿಗೆ ಇದು ಬಹಳ ಹಿಡಿಸಿತು. ಸೂಚಿಸಿದವಳು ನಾನು.

ಈಗ ಹೇಳುತ್ತೇನೆ ಕೇಳಿ, ನಾನು ಮಾಡಿದ್ದು ಎಂಥ ಕೆಲಸ ಎಂದು. ನಾಲ್ಕರಲ್ಲಿ ಎರಡನೆಯ ಪ್ರಶ್ನೆ, 'ಇಂದು ಮಾರಾಟಕ್ಕೆ ಎಲ್ಲಿಗೆ ಹೋಗುತ್ತಿದ್ದೀರಿ?' ಉತ್ತರಕ್ಕೆ ಮೂರು ಚೌಕ. ಸ್ಥಳೀಯ, ಹತ್ತಿರದ ಪೇಟೆ, ಒಳನಾಡಿನ ಗ್ರಾಮ. ಕೆಲಸಕ್ಕೆಂದು ಮನೆಯಿಂದಲೋ ಬಂದರಿನಿಂದಲೋ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಯಾರಾದರೂ ಬುದ್ಧಿಯಿಲ್ಲದೆ ಕೇಳಿದರೆ ಹೊರಟವರು ನಿಲ್ಲದೆ, ಮುಖ ತಿರುಗಿಸದೆ ಹೇಳುವ ಮಾತು ಒಂದೇ: "ಇಲ್ಲೇ." ಬೆಂಗಳೂರಿಗೆ ಹೊರಟವನೂ ಹಾಗೆಯೇ ಹೇಳುತ್ತಾನೆ, ಮುಂಬೈಗೆ ಹೊರಟವನೂ ಹಾಗೆಯೇ ಹೇಳುತ್ತಾನೆ. ಕೇಳಿದವರ ಬಾಯಿ ಮುಚ್ಚಿಸಿ ಕೆಲಸ ಉಳಿಸಿಕೊಳ್ಳುವ ಮಾತು ಅದು. ಅದರಲ್ಲಿ ಊರಿನ ಹೆಸರು ಹುಡುಕುವವರು ಶುದ್ಧ ಪರಕೀಯರಾಗಿರಬೇಕು, ಇಲ್ಲವೇ ನನ್ನಂಥವರಾಗಿರಬೇಕು.

ಸಂಕ್ರಾಂತಿ ಕಳೆದ ವಾರ. ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದು ಗೇಟಿನಲ್ಲಿ ನಿಂತೆ. ಮೀನಿನ ನೀರು, ಡೀಸೆಲ್ಲು, ಮಂಜುಗಡ್ಡೆ ಕುಟ್ಟುವ ಸದ್ದು. ಸಂಸ್ಥೆಯಿಂದ ಬಂದ ಮೇಲ್ವಿಚಾರಕ ನನ್ನ ಹಿಂದೆಯೇ ಇದ್ದ. ಮೊದಲ ಹೆಂಗಸು ಬಂದಳು. ಕೇಳಿದೆ. "ಇಲ್ಲೇ." ಒತ್ತಿದೆ, ಸ್ಥಳೀಯ. ಎರಡನೆಯವಳು, "ಇಲ್ಲೇ ಮಾರಾಯ್ತಿ, ದಾರಿ ಬಿಡ್." ಸ್ಥಳೀಯ. ಮೂರನೆಯವಳು ನನ್ನನ್ನು ಎತ್ತಿ ಆಡಿಸಿದವಳು. ಉತ್ತರವನ್ನೇ ಕೊಡದೆ ಥೂ ಎಂದು ಉಗಿದು ಹೋದಳು. ಅದನ್ನು 'ಉತ್ತರಿಸಲು ನಿರಾಕರಣೆ' ಎಂದು ಒತ್ತಿದೆ. ಆಟೋ ಹೆಮ್ಮಾಡಿ ಕಡೆಗೆ ಮುಖ ಮಾಡಿ ಅಲ್ಲೇ ನಿಂತಿತ್ತು. ನಾನು 'ಸ್ಥಳೀಯ' ಎಂದು ಒತ್ತಿದ ಹೆಂಗಸರು ನನ್ನ ಕಣ್ಣೆದುರೇ ಅದರೊಳಗೆ ಬುಟ್ಟಿ ತುರುಕುತ್ತಿದ್ದರು.

ಆಮೇಲೆ ದೊಡ್ಡಮ್ಮ ಬಂದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ನನ್ನನ್ನು ನೋಡಿ ಮುಖ ಅರಳಿತು, ತಂಗಿಯ ಮಗಳು ಆಫೀಸರಿನ ಹಾಗೆ ನಿಂತಿದ್ದಾಳಲ್ಲ ಎಂದು. ನಾನು ಪಾಠ ಒಪ್ಪಿಸುವ ದನಿಯಲ್ಲಿ ಕೇಳಿದೆ, "ಇಂದು ಮಾರಾಟಕ್ಕೆ ಎಲ್ಲಿಗೆ ಹೋಗುತ್ತಿದ್ದೀರಿ?" ಅರಳಿದ ಮುಖ ಹಾಗೇ ನಿಂತಿತು. ಹೆಜ್ಜೆ ನಿಲ್ಲಿಸದೆ ನನ್ನನ್ನೇ ನೋಡಿದಳು. "ಇಲ್ಲೇ," ಎಂದಳು, ನಡೆದುಬಿಟ್ಟಳು. ಹಿಂದೆ ಮೇಲ್ವಿಚಾರಕನ ಉಸಿರು ಕೇಳುತ್ತಿತ್ತು. ನಾನು ಸ್ಥಳೀಯ ಎಂದು ಒತ್ತಿದೆ. ಅವಳ ವಂಡ್ಸೆಯ ಹಲಸು ತಿಂದು ಬೆಳೆದ ಬೆರಳಿನಲ್ಲೇ ಒತ್ತಿದೆ.

ಅವತ್ತು ಸಂಜೆ ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಹೆಣ್ಣೇ, ಹೊರಟೋರ್ ಹತ್ರ ಎಲ್ಲಿಗೆ ಅಂದ್ ಕೇಂಬುದಾ? ನಿನ್ನ ಅಬ್ಬಿ ಅಷ್ಟೂ ಹೇಳಿ ಕೊಡ್ಲಿಲ್ಯಾ?"

"ನಾ ಕೇಂಬುದಲ್ಲ ದೊಡ್ಡಮ್ಮ, ಟ್ಯಾಬಂಗೆ ಹಾಂಗ್ ಬರ್ದಿತ್."

"ಹಂಗಾರೆ ಆ ಟ್ಯಾಬಿಗೆ ಅಬ್ಬಿ ಇಲ್ಲೆ ಕಾಣ್," ಎಂದು ನಕ್ಕಳು. ಆಮೇಲೆ, "ಅಡ್ಡಿಲ್ಲೆ. ನಾ ಎಂತ ಹೇಳ್ರೂ ನಿಂಗೊತ್ತಿತ್ತಲೆ. ನೀ ವಂಡ್ಸೆ ಅಂದೇ ಬರ್ಕಂಡಿರ್ತೆ, ಅಲ್ದಾ?"

ನಾನು ಹ್ಞೂಂ ಎಂದೆ.

ಅಷ್ಟು ಹೊತ್ತಿಗೆ ಟ್ಯಾಬಿನ ಮಾಹಿತಿ ಸಂಸ್ಥೆಗೆ ಹೋಗಿಯಾಗಿತ್ತು. ಒಂದು ಫೋನು ಮಾಡಿ, ಸಾರ್, ಈ ಪ್ರಶ್ನೆ ಈ ಹೊತ್ತಿನಲ್ಲಿ ನಮ್ಮೂರಲ್ಲಿ ಕೇಳುವಂಥದ್ದಲ್ಲ, ಉತ್ತರ ಎಲ್ಲ ಹುಸಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಜಾಗ, ಆ ಹೊತ್ತು ಸೂಚಿಸಿದವಳು ನಾನು. ವಸ್ತುನಿಷ್ಠೆ ಎಂಬ ಹೊಗಳಿಕೆಯ ಬಿಸಿ ಇನ್ನೂ ಆರಿರಲಿಲ್ಲ.

ಇನ್ನು ಬಲಗಡೆಯ ಕಾಲಮ್ಮಿನ ಮಾತು. ದೊಡ್ಡಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ದೀಪಾವಳಿ ಕಳೆದ ಮೇಲಿಂದ ಒಬ್ಬ ಹುಡುಗಿ ಇದ್ದಳು. ಉತ್ತರದ ಒಂದು ದೊಡ್ಡ ನಗರದವಳು, ಸಾಂಸ್ಕೃತಿಕ ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವಳು. ಮೀನು ಮಾರುವ ಹೆಂಗಸರ ಜೊತೆಯೇ ಬದುಕಿ ಬರೆಯಬೇಕು ಎಂದು ಬಂದವಳು. ಅವಳನ್ನು ಸುಮ್ಮನೆ ಬಯ್ಯಲಾರೆ. ನಾಲ್ಕೇ ತಿಂಗಳಲ್ಲಿ ಕುಂದಾಪ್ರ ಕನ್ನಡ ಕಲಿತಳು, ಬಂಗುಡೆಯ ಹೊಟ್ಟೆ ಸೀಳಿ ತೊಳೆಯುವುದನ್ನು ಕಲಿತಳು. ದೊಡ್ಡಮ್ಮನ ಜೊತೆ ಎಷ್ಟೋ ದಿನ ವಂಡ್ಸೆಯ ಗುಡ್ಡೆ ಹತ್ತಿ ಇಳಿದು ಕಾಲು ಒಡೆದುಕೊಂಡಳು. ದಪ್ಪ ನೋಟುಪುಸ್ತಕದಲ್ಲಿ ಪ್ರತಿ ಮನೆಯನ್ನೂ, ಪ್ರತಿ ಅಂಗಳವನ್ನೂ, ಯಾರು ಯಾವ ಮೀನು ಕೊಂಡರು, ಏನು ಮಾತಾಡಿದರು ಎಂಬುದನ್ನೂ ಬರೆಯುತ್ತಿದ್ದಳು. ಹಾದಿಯ ನಕ್ಷೆ ಸಹ ಬರೆದಿದ್ದಳು, ಸಂಕ ಎಲ್ಲಿ, ನಾಯಿ ಇರುವ ಮನೆ ಯಾವುದು ಎಂದೆಲ್ಲ. ದೊಡ್ಡಮ್ಮನಿಗೆ ಅವಳೆಂದರೆ ಜೀವ. ತನ್ನ ಒಳ್ಳೆಯ ಚಾಪೆ ಅವಳಿಗೆ ಕೊಟ್ಟು ತಾನು ಹರಕಿನ ಮೇಲೆ ಮಲಗುತ್ತಿದ್ದಳು.

ನನಗಂತೂ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ನನ್ನ ದೊಡ್ಡಮ್ಮನ ವಿಷಯ ನನಗಿಂತ ಹೆಚ್ಚು ತಿಳಿದಿದ್ದಳಲ್ಲ. ಸಮೀಕ್ಷೆಯ ಬೆಳಗ್ಗೆ ಅವಳೂ ಬಂದರಿನಲ್ಲಿದ್ದಳು, ಮಂಜುಗಡ್ಡೆ ಲಾರಿಯ ಪಕ್ಕ ಕೂತು ಏನೋ ಬರೆಯುತ್ತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು. ನಾನೂ ಬೀಸಿದೆ.

ಬೇಸಗೆಯಲ್ಲಿ ಕುಂದಾಪುರದ ಒಂದು ಸಭಾಂಗಣದಲ್ಲಿ ವರದಿ ಒಪ್ಪಿಸುವ ಸಭೆ ನಡೆಯಿತು. ಹೆಂಗಸರು ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಟೆಂಪೋದ ಬಣ್ಣ ಯಾವುದಿರಬೇಕು ಎಂಬ ತಮಾಷೆ ದಾರಿಯುದ್ದಕ್ಕೂ ನಡೆದಿತ್ತು. ಪರದೆಯ ಮೇಲೆ ಒಂದು ದುಂಡಗಿನ ಚಿತ್ರ ಬಂತು, ಹೆಚ್ಚಿನ ಭಾಗ ನೀಲಿ. ಪ್ರೊಫೆಸರು ಮೆದುವಾಗಿ ಹೇಳಿದರು, ಬಹುಪಾಲು ಮಹಿಳೆಯರು ಸ್ಥಳೀಯವಾಗಿಯೇ ಮಾರುತ್ತಾರೆ, ಒಳನಾಡಿಗೆ ಹೋಗುವವರು ತೀರಾ ವಿರಳ, ಹಾಗಾಗಿ ವಾಹನದ ಅಗತ್ಯ ಕಂಡುಬರುವುದಿಲ್ಲ. ಬದಲಿಗೆ ಬಂದರಿನ ಹತ್ತಿರವೇ ಟೈಲ್ಸ್ ಹಾಕಿದ ಮಾರಾಟದ ಕಟ್ಟೆ, ನಲ್ಲಿ, ನೆರಳು. ಹಿಂದಿನ ಸಾಲಿನ ಹೆಂಗಸರು ಮೊದಲು ನಕ್ಕುಬಿಟ್ಟರು. ತಮಾಷೆ ಎಂದುಕೊಂಡರು.

ದೊಡ್ಡಮ್ಮ ಎದ್ದು ನಿಂತಳು. "ಹ್ವಾಯ್, ಇಲ್ಲ್ ಕೂಕಂಡ್ ನಾವ್ ಮಾರುದ್ ಯಾರಿಗೆ? ಗಂಗೊಳ್ಳಿಯಂಗೆ ಮೀನ್ ಇಲ್ದಿದ್ ಮನಿ ಯಾವ್ದಿತ್ತ್? ನಾವೆಲ್ಲ ವಂಡ್ಸೆ ಬದಿಗೆ ಹೋಪೋರ್!"

ಪ್ರೊಫೆಸರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು. "ಅಮ್ಮಾ, ಇದು ನಾವು ಹೇಳಿದ್ದಲ್ಲ, ನೀವೇ ಹೇಳಿದ್ದು. ಬರೆದುಕೊಂಡದ್ದೂ ನಿಮ್ಮೂರಿನ ಹುಡುಗಿಯೇ," ಎಂದು ನನ್ನ ಕಡೆ ಕೈ ತೋರಿಸಿದರು. "ಏನಮ್ಮಾ, ಅವರು ಹೇಳಿದ್ದನ್ನೇ ದಾಖಲಿಸಿದ್ದೀರಲ್ಲ?"

ಮಲ್ಲಿಗೆ ಮುಡಿದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಎದ್ದು ನಿಂತು ಹೇಳಿದೆ, "ಹೌದು ಸಾರ್. ಅವರು ಹೇಳಿದ್ದನ್ನೇ ಬರೆದಿದ್ದೇನೆ." ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟು ಹೊಲಸು ಸತ್ಯವನ್ನು ನಾನು ಜೀವಮಾನದಲ್ಲಿ ಇನ್ನೊಂದು ಸಲ ಆಡಿಲ್ಲ.

ವಾಪಸು ಬರುವಾಗ ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಬಯ್ಯಲಿಲ್ಲ. ತ್ರಾಸಿಯಲ್ಲಿ ಗಂಗೊಳ್ಳಿ ರಸ್ತೆಗೆ ತಿರುಗಿದ ಮೇಲೆ ಒಂದೇ ಮಾತು ಆಡಿದಳು, "ನೀ ಅವತ್ತ್ ಹ್ಞೂಂ ಅಂದಿದ್ದೆ." ಮನೆ ತಲುಪುವ ಹೊತ್ತಿಗೆ ಅವಳಿಗೆ ಇನ್ನೊಂದು ದಾರಿ ಹೊಳೆದಿತ್ತು. "ಆ ಹುಡ್ಗಿ ಮನಿ ಮನಿ ಬರ್ಕಂಡಿತ್ತಲೆ. ಅದ್ ಆ ಪುಸ್ತಕ ತಕಂಡ್ ಹೋಯಿ ಅವ್ರಿಗೆ ತೋರ್ಸ್ಲಿ. ಸಾಕ್."

ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನಾವಿಬ್ಬರೂ ಕೇಳಿದೆವು. ಹುಡುಗಿಯ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ದೊಡ್ಡಮ್ಮನ ಕೈ ಹಿಡಿದುಕೊಂಡು ಹೇಳಿದಳು, ನೋಟುಪುಸ್ತಕ ಯಾರಿಗೂ ತೋರಿಸುವಂತಿಲ್ಲ, ಅದರಲ್ಲಿರುವವರ ಗುರುತು ಕಾಪಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. "ನನ್ ಗುರ್ತ್ ಕಾಪಾಡುದ್ ಬ್ಯಾಡ, ನಾನೇ ಹೇಳ್ತಿದ್ದೆ, ತೋರ್ಸ್," ಎಂದಳು ದೊಡ್ಡಮ್ಮ. ವಂಡ್ಸೆ ಮನೆಯವರ ಒಪ್ಪಿಗೆಯೂ ಬೇಕು ಎಂದಳು ಹುಡುಗಿ. ಮತ್ತೆ ನನ್ನ ಕಡೆ ತಿರುಗಿ, ಗಂಭೀರವಾಗಿ, "ನಾನು ಮಧ್ಯೆ ಬಾಯಿ ಹಾಕಿದರೆ ನಾನು ನೋಡಲು ಬಂದದ್ದೇ ಬದಲಾಗಿಹೋಗುತ್ತದೆ," ಎಂದಳು.

ನನಗೆ ಆಗ ಒಂದು ಅನುಮಾನ ಹುಟ್ಟಿತು. "ಅವತ್ತು ಬಂದರಿನಲ್ಲಿ ನಾನು ಕೇಳುತ್ತಿದ್ದುದು ನಿನಗೆ ಕೇಳಿಸಿತ್ತಾ?" ಎಂದೆ. ಕೇಳಿಸಿತ್ತು ಎಂದಳು. ಹೊರಟವರನ್ನು ಹಾಗೆ ಕೇಳಬಾರದು ಎಂಬುದು ಗೊತ್ತಿತ್ತಾ ಎಂದೆ. ಬಂದ ವಾರವೇ ದೊಡ್ಡಮ್ಮ ಹೇಳಿಕೊಟ್ಟಿದ್ದರು ಎಂದಳು. ಮತ್ತೆ ಆಗಲೇ ನನ್ನ ಹತ್ತಿರ ಬಂದು ಒಂದು ಮಾತು ಯಾಕೆ ಹೇಳಲಿಲ್ಲ? ಅವಳು ತಲೆ ತಗ್ಗಿಸಿದಳು. "ಅದು ನನಗೆ ಬಹಳ ಮುಖ್ಯವಾದ ಗಳಿಗೆಯಾಗಿತ್ತು. ಬರೆದುಕೊಳ್ಳುತ್ತಿದ್ದೆ," ಎಂದಳು.

ಅಸಹ್ಯವಾಯಿತು ನನಗೆ. ಮೂರು ಹೊತ್ತು ದೊಡ್ಡಮ್ಮನ ಕೈಯ ಅನ್ನ ಉಂಡು, ಅವಳ ಚಾಪೆಯ ಮೇಲೆ ಮಲಗಿ, ಅವಳ ಕೆಲಸ ನೀರು ಪಾಲಾಗುವುದನ್ನು ಲಾರಿಯ ನೆರಳಲ್ಲಿ ಕೂತು ಅಕ್ಷರ ಅಕ್ಷರ ಬರೆದುಕೊಂಡಳಲ್ಲ! ಆದರೆ ಜೋರಾಗಿ ಬಯ್ಯಲು ನನಗೆ ಬಾಯಿ ಎಲ್ಲಿತ್ತು? ಅವಳು ನೋಡುತ್ತ ಕೂತಿದ್ದಳು, ಕೆಡಿಸಿದವಳು ನಾನು.

ಕೊನೆಗೆ ದೊಡ್ಡಮ್ಮನ ಮುಖ ನೋಡಲಾರದೆ ಹುಡುಗಿ ಒಂದು ಪತ್ರ ಬರೆದುಕೊಟ್ಟಳು. ಮೂರು ದಿನ ತಿದ್ದಿ ತಿದ್ದಿ ಬರೆದಳು. ಓದಿದೆ. 'ಕರಾವಳಿಯ ಒಂದು ಬಂದರಿನ ಒಬ್ಬ ಮಹಿಳೆ ಒಳನಾಡಿನ ಒಂದು ಊರಿಗೆ ನಿಯಮಿತವಾಗಿ ಹೋಗುವುದನ್ನು ನಾನು ಗಮನಿಸಿದ್ದೇನೆ.' ಗಂಗೊಳ್ಳಿ ಇಲ್ಲ, ವಂಡ್ಸೆ ಇಲ್ಲ, ದೊಡ್ಡಮ್ಮ ಇಲ್ಲ. ಅದನ್ನೇ ಹಿಡಿದುಕೊಂಡು ನಾನು ಪ್ರೊಫೆಸರ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

"ಇದು ಒಬ್ಬರ ಕಥೆ. ಯಾವ ಊರು ಅಂತಲೂ ಇಲ್ಲ. ಇದನ್ನು ನೂರಾರು ಜನರ ಉತ್ತರದ ಎದುರು ಹೇಗೆ ಇಡಲಿ?" ಎಂದರು. ಮತ್ತೆ ದನಿ ತಗ್ಗಿಸಿ, "ಮಾಹಿತಿ ಸಂಗ್ರಹದಲ್ಲೇ ಏನಾದರೂ ತಪ್ಪಾಗಿದೆ ಎಂದು ನೀವು ಬರೆದುಕೊಟ್ಟರೆ ಅದು ಬೇರೆ ಮಾತು. ಪ್ರಾಮಾಣಿಕವಾಗಿ ಹೇಳಿ, ನಿಮ್ಮ ಕೆಲಸದಲ್ಲಿ ತಪ್ಪಾಗಿದೆಯಾ?"

ನೋಡಿ, ಬಾಗಿಲು ಪೂರ್ತಿ ತೆರೆದಿತ್ತು. ಆ ಮನುಷ್ಯನನ್ನು ನಾನು ಎಷ್ಟೇ ದ್ವೇಷಿಸಲು ನೋಡಿದರೂ ಈ ಒಂದು ಮಾತು ಅಡ್ಡ ಬರುತ್ತದೆ. ಅವರು ಕೇಳಿದ್ದರು. ಆ ವಾರವೇ ಕುಂದಾಪುರದ ಕಾಲೇಜಿನಲ್ಲಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಿದ್ದೆ, ಅವರ ಶಿಫಾರಸು ಪತ್ರ ಬೇಕಿತ್ತು. ಶಿಸ್ತಿನ ಸಂಶೋಧಕಿ ಎಂದು ಬರೆಯುವುದಾಗಿ ಅವರು ಹೇಳಿದ್ದರು. "ಇಲ್ಲ ಸಾರ್," ಎಂದೆ ನಾನು. "ತಪ್ಪೇನೂ ಆಗಿಲ್ಲ."

ಕಟ್ಟೆ ಕಟ್ಟಿದರು. ಬಿಳಿ ಟೈಲ್ಸು, ಎರಡು ನಲ್ಲಿ, ಮೇಲೆ ಶೀಟು, ಉದ್ಘಾಟನೆಗೆ ರಿಬ್ಬನ್ನು. ನನಗೆ ಕೆಲಸ ಸಿಕ್ಕಿತು. ಹುಡುಗಿ ಮಳೆಗಾಲದ ಮೊದಲು ಊರಿಗೆ ಹೋದಳು, ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮನನ್ನು ತಬ್ಬಿಕೊಂಡು ಅತ್ತಳು. ಆಟೋದಲ್ಲಿ ಹೋಗುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಬಿಟ್ಟರು. ಒಬ್ಬಳು ಮಗನ ಮನೆಗೆ ಹೋದಳು, ಇಬ್ಬರು ಮೀನು ಕತ್ತರಿಸುವ ಶೆಡ್ಡಿಗೆ ಸೇರಿದರು. ಉಳಿದವರಿಗೆ ಆಟೋ ಮಾಡಿಕೊಳ್ಳುವುದು ಗಿಟ್ಟಲಿಲ್ಲ. ಅಷ್ಟರಲ್ಲಿ ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಬಾರಿಸುತ್ತ ಹೋಗುವವನು ಒಬ್ಬ ವಂಡ್ಸೆಯ ಆ ಗುಡ್ಡೆಗಳನ್ನೆಲ್ಲ ಹಿಡಿದಿದ್ದ. ಅವನು ಅಂಗಳಕ್ಕೂ ಬರುವುದಿಲ್ಲವಂತೆ, ಗೇಟಿನಲ್ಲೇ ವ್ಯಾಪಾರ. ದೊಡ್ಡಮ್ಮ ಎಲ್ಲರಿಗಿಂತ ಕೊನೆಗೆ ವಂಡ್ಸೆಯ ಹಾದಿ ಬಿಟ್ಟಳು. ಬಿಡುವ ದಿನ ಮನೆಮನೆಗೆ ಹೋಗಿ ಹೇಳಿ ಬಂದಳಂತೆ. ಅವತ್ತು ಬುಟ್ಟಿಯ ತುಂಬ ಹಲಸು, ಸೌತೆ, ಬಾಳೆಗೊನೆ ಬಂದಿತ್ತು. ನನಗೂ ಕಳಿಸಿದಳು. ನಾನು ತಿನ್ನಲಿಲ್ಲ, ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.

ಹೋದ ವರ್ಷ ಹುಡುಗಿಯ ಪುಸ್ತಕ ಬಂತು. ಇಂಗ್ಲಿಷಿನದು, ಒಳ್ಳೆಯ ಕಾಗದ. ಎಲ್ಲರ ಹೆಸರನ್ನೂ ಬದಲಿಸಿದ್ದಾಳೆ, ಊರಿಗೂ ಬೇರೆ ಹೆಸರು. ಮೊದಲ ಅಧ್ಯಾಯ ಶುರುವಾಗುವುದೇ ಆ ಬೆಳಗ್ಗೆಯಿಂದ: ಬಂದರಿನ ಗೇಟು, ಟ್ಯಾಬ್ ಹಿಡಿದ ಊರಿನ ಹುಡುಗಿ, ಕೇಳಬಾರದ ಪ್ರಶ್ನೆ, ಮುಖ ತಿರುಗಿಸದ ಹೆಂಗಸರು, ಅವರ ಒಂದೇ ಉತ್ತರ. ಆ ಉತ್ತರದ ಅರ್ಥವೇನು, ಅದನ್ನು ಯಾಕೆ ನಂಬಬಾರದು ಎಂದು ಪುಟಗಟ್ಟಲೆ ವಿವರಿಸಿದ್ದಾಳೆ. ಎಷ್ಟು ಚೆನ್ನಾಗಿ ಬರೆದಿದ್ದಾಳೆಂದರೆ ನನ್ನ ಮೈಯೆಲ್ಲ ಉರಿಯಿತು. ಆ ಅಧ್ಯಾಯದ ಒಂದು ಪುಟ ಅವತ್ತಿನ ಸಭೆಯಲ್ಲಿ ಇದ್ದಿದ್ದರೆ ಸಾಕಿತ್ತು. ದೊಡ್ಡಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ, ನನ್ನ ಭಾಗವನ್ನೂ ಬಿಡದೆ. ಮಂಡಿ ತಿಕ್ಕಿಕೊಳ್ಳುತ್ತ ಕೇಳಿದಳು.

"ಸರೀ ಬರ್ದಿತ್. ಒಂದೂ ತಪ್ಪಿಲ್ಲೆ," ಎಂದಳು. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದಳು, "ಇಷ್ಟ್ ಗೊತ್ತಿದ್ ಹುಡ್ಗಿ ಆಗಳ್ ಎಂತಕ್ಕ್ ಬಾಯ್ ಬಿಡ್ಲಿಲ್ಲೆ?"

ಆ ಪುಸ್ತಕ ಈಗ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದೆ. ಪ್ರೊಫೆಸರ ವರದಿಯೂ ಇದೆ, ಅದೇ ಕಪಾಟಿನಲ್ಲಿ. ವರದಿಯಲ್ಲಿ ದೊಡ್ಡಮ್ಮ ನೀಲಿ ಬಣ್ಣದ ಒಂದು ಚೂರು, ಪುಸ್ತಕದಲ್ಲಿ ಬೇರೆ ಹೆಸರಿನ ಇನ್ನಾರೋ ಹೆಂಗಸು. ನಾನೂ ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಮರ್ಯಾದೆ ಉಳಿಸುವುದಕ್ಕೆ ಎಂದು ಹೇಳಿಕೊಳ್ಳುತ್ತೇನೆ. ಉಳಿಯುತ್ತಿರುವುದು ನನ್ನ ಮರ್ಯಾದೆ ಮಾತ್ರ, ಅದೂ ಗೊತ್ತಿದೆ.

ಕಳೆದ ತಿಂಗಳು ರಜೆಯಲ್ಲಿ ಒಂದು ಬೆಳಗ್ಗೆ ಬೇಗ ಅವಳ ಮನೆಗೆ ಹೋದೆ. ದೊಡ್ಡಮ್ಮ ಸಿಂಬಿ ಸುತ್ತಿ, ಬುಟ್ಟಿ ಎತ್ತಿ ಹೊರಡುತ್ತಿದ್ದಳು. ಬುಟ್ಟಿಯಲ್ಲಿ ಬಂದರಿನಿಂದ ಆಗಲೇ ತಂದಿದ್ದ, ತಳ ಮುಚ್ಚುವಷ್ಟು ಬಂಗುಡೆ. ನಾನು ಏನೂ ಕೇಳದೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಆದದ್ದು ಆಗಿಹೋದ ಮೇಲೆ ಬಂದ ನನ್ನ ವಿನಯ.

ಅವಳು ಮೆಟ್ಟಿಲಲ್ಲೇ ನಿಂತಳು. ಬುಟ್ಟಿ ತಲೆಯ ಮೇಲಿದ್ದಾಗ ಅವಳು ನಿಂತದ್ದನ್ನು ನಾನು ನೋಡಿದ್ದೇ ಇಲ್ಲ.

"ಕೇಳ್ ಮಗಾ, ಎಲ್ಲಿಗೆ ಅಂದ್ ಕೇಳ್. ಈಗಳ್ ಕೇಂಬುಕೆ ಅಡ್ಡಿಲ್ಲೆ."

ಅವಳೇ ಗಲ್ಲ ಎತ್ತಿ ಬಂದರಿನ ಕಡೆ ತೋರಿಸಿದಳು. ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ ಆ ಬಿಳಿ ಟೈಲ್ಸಿನ ಕಟ್ಟೆ ಖಾಲಿ ಕಾಣುತ್ತಿತ್ತು.

"ಇಲ್ಲೇ," ಎಂದಳು. "ನೀ ಬರ್ಕಂಡದ್ದ್ ಸರಿ ಆಯ್ತ್ ಕಾಣ್."